ಹೊಸ ಮೋಟರಿಗೆ ಹಳೆ ತಾಮ್ರವಿಲ್ಲ

ಗೌಸೋದ್ದೀನ ಚಾಚಾ ಮಾತು ಕೇಳುವ ಮೊದಲು ಮೋಟರನ್ನು ಮೂಸಿ ನೋಡುತ್ತಾರೆ. ಬೀದರಿನ ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿ ಅವರ ವೈಂಡಿಂಗ್ ಅಂಗಡಿ. ಎರಡು ಹೊರಸು ಹಾಕಿದರೆ ಮೂರನೆಯದಕ್ಕೆ ಜಾಗವಿಲ್ಲ, ಅಷ್ಟೇ ಅಗಲ. ಸುಟ್ಟ ಪಂಪಿನ ಮೋಟರು ಹೊತ್ತು ಬಂದವರು ಏನಾಯಿತು, ಹೇಗಾಯಿತು ಎಂದು ಕಥೆ ಶುರು ಮಾಡುವಷ್ಟರಲ್ಲಿ ಚಾಚಾ ಮುಚ್ಚಳ ತೆಗೆದು, ಮೂಗಿನ ಹತ್ತಿರ ಒಯ್ದು, "ಒಂದ ಫೇಸ್ ಇಲ್ದಾಗ ಓಡಸೀರಿ" ಎಂದು ತೀರ್ಪು ಕೊಟ್ಟಿರುತ್ತಾರೆ. ಹೊಲದಿಂದ ಬಂದವನು ಹೌದೆನ್ನುವುದೂ ಇಲ್ಲ, ಅಲ್ಲವೆನ್ನುವುದೂ ಇಲ್ಲ, ತಲೆ ತುರಿಸಿಕೊಳ್ಳುತ್ತಾನೆ. ಅವರ ಅಂದಾಜು ತಪ್ಪಿದ್ದನ್ನು ನಾನು ಒಂದೇ ಸಲ ಕಂಡಿದ್ದೇನೆ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಆಮ್ರಪಾಲಿ. ಊರು ಭಾಲ್ಕಿ ತಾಲೂಕಿನ ಹಲಬರ್ಗಾ. ಈಗ ಮನೆ ಬೀದರಿನ ಮೈಲೂರಿನಲ್ಲಿ, ಕೆಲಸ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವುದು. ಲೆಕ್ಕದ ವಿಷಯದಲ್ಲಿ ನನಗೆ ಚಿಕ್ಕಂದಿನಿಂದಲೂ ಸ್ವಲ್ಪ ಸೊಕ್ಕು. ಕೊತ್ತಂಬರಿ ಸಿವುಡು ತಂದರೆ ಕಡ್ಡಿ ಎಣಿಸುವವಳು ಎಂದು ಅವ್ವ ಬೈಯುತ್ತಿದ್ದಳು. ಬೈಗಳನ್ನು ನಾನು ಹೊಗಳಿಕೆ ಎಂದುಕೊಂಡೇ ಬೆಳೆದೆ.

ಚಾಚಾನ ಪರಿಚಯ ಅಪ್ಪನಿಂದ ಬಂದದ್ದು. ಅಪ್ಪನ ಹೆಸರು ಉತ್ತಮ. ನಮ್ಮ ಬಾವಿಯ ಮೋಟರು ವರ್ಷಕ್ಕೊಮ್ಮೆಯಾದರೂ ಸುಡುತ್ತಿತ್ತು. ಅಪ್ಪ ಅದನ್ನು ಗೋಣಿಯಲ್ಲಿ ಕಟ್ಟಿ ಬಸ್ಸಿನ ಡ್ರೈವರ್ ಸೀಟಿನ ಹಿಂದೆ ಇಟ್ಟು ಬೀದರಿಗೆ ತರುತ್ತಿದ್ದರು. ಬುತ್ತಿಗಂಟು ಹಿಡಿದು ನಾನು ಹಿಂದೆ. ಚಾಚಾ ಸುಟ್ಟ ತಂತಿ ಕಿತ್ತು ತೆಗೆದು, ಹೊಸ ತಂತಿ ಸುತ್ತಿ, ಮರುದಿನ ಮೋಟರು ಕೊಡುವರು. ಹೊಸ ತಂತಿಗೆ ತೂಕದ ಮೇಲೆ ದುಡ್ಡು, ಅವರ ಮಜೂರಿ ಬೇರೆ. ಕೊಡುವುದು ಕೊಟ್ಟ ಮೇಲೆ ಅಪ್ಪ ಪ್ರತಿ ಸಲ ಒಂದು ಮಾತು ಹೇಳುತ್ತಿದ್ದರು: "ಹಳೀದು ನಿಮಗ ಇರ್ಲಿರಿ ಮಿಸ್ತ್ರಿ." ಚಾಚಾ ಎದೆಯ ಮೇಲೆ ಕೈ ಇಟ್ಟುಕೊಂಡು, "ಅಲ್ಲಾ ನಿಮ್ಮ ಬಾವಿಗಿ ನೀರ ಕೊಡ್ಲಿ" ಎಂದು ದುವಾ ಮಾಡಿ ಹರಸುತ್ತಿದ್ದರು. ಅದು ನಮ್ಮ ಕಡೆಯ ರಿವಾಜು. ಕಿತ್ತು ತೆಗೆದ ಸುಟ್ಟ ತಾಮ್ರ ಮಿಸ್ತ್ರಿಗೇ ಬಿಡಬೇಕು. ಅದನ್ನು ಯಾರೂ ಬರೆಯುವುದಿಲ್ಲ, ಯಾರೂ ಕೇಳುವುದಿಲ್ಲ. ಅಂಗಡಿಯ ಮೂಲೆಯಲ್ಲಿ ಒಂದು ಗೋಣಿಚೀಲ ನಿಂತಿರುತ್ತಿತ್ತು, ಆ ತಾಮ್ರವೆಲ್ಲ ಅದರೊಳಗೆ. ಗುರುವಾರಕ್ಕೊಮ್ಮೆ ಗುಜರಿಯ ಕರೀಮ ಸಾಬ ತಕ್ಕಡಿ ಹಿಡಿದು ಬಂದು ತೂಗಿ ಒಯ್ಯುತ್ತಿದ್ದರು.

ಎರಡು ವರ್ಷದ ಹಿಂದೆ ನನಗೆ ಪುಣೆಯಿಂದ ಒಂದು ಫೋನ್ ಬಂತು. ಮಾತಾಡಿದವರ ಹೆಸರು ಮಚ್ಛೇಂದ್ರ, ಹುಟ್ಟೂರು ನಮ್ಮ ಕಮಲನಗರ. ಮಾಲು ಸಾಗಿಸುವ ಮೂರು ಗಾಲಿಯ ಗಾಡಿ ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ ಖರೀದಿಯ ಮುಖ್ಯಸ್ಥರು. ಅವರ ಕಂಪನಿಗೆ ತನ್ನ ಪೆಟ್ರೋಲ್ ಗಾಡಿಯನ್ನು ಹೈಬ್ರಿಡ್ ಮಾಡುವ ಆಸೆ ಹುಟ್ಟಿತ್ತು. ಅಂದರೆ ಎಂಜಿನ್ ಇದ್ದೇ ಇರುತ್ತದೆ, ಅದರ ಜೊತೆಗೆ ಒಂದು ಬ್ಯಾಟರಿ, ಒಂದು ಕರೆಂಟಿನ ಮೋಟರು. ಏರು ಬಂದಾಗ ಮೋಟರು ಎಂಜಿನ್ನಿಗೆ ಹೆಗಲು ಕೊಡುತ್ತದೆ. ಇಳಿಜಾರಿನಲ್ಲಿ ಅದೇ ಮೋಟರು ಕರೆಂಟು ಹುಟ್ಟಿಸಿ ಬ್ಯಾಟರಿ ತುಂಬುತ್ತದೆ. ಪೆಟ್ರೋಲು ಉಳಿಯುತ್ತದೆ. ಅವರ ಪ್ರಶ್ನೆ ಒಂದೇ: ಹೀಗೆ ಮಾಡಿದರೆ ಒಂದು ಗಾಡಿ ತಯಾರಿಸುವ ಖರ್ಚು ಎಷ್ಟು ಏರುತ್ತದೆ? ನಲವತ್ತು ಸಾವಿರದೊಳಗೆ ಬಂದರೆ ಐದುನೂರು ಗಾಡಿ ಮಾಡುತ್ತೇವೆ, ಅದಕ್ಕಿಂತ ಒಂದು ರೂಪಾಯಿ ಮೀರಿದರೂ ಮಾಲೀಕರು ಫೈಲು ಮುಚ್ಚುತ್ತಾರೆ ಎಂದರು. ಅಂದಾಜು ಹಾಕುವ ಕೆಲಸ ನನಗೆ ಬಂತು.

ಎರಡು ತಿಂಗಳು ಕೂತು ಪಟ್ಟಿ ಮಾಡಿದೆ. ಬ್ಯಾಟರಿ ಹದಿನೆಂಟೂವರೆ ಸಾವಿರ. ಕರೆಂಟು ಹತೋಟಿಯಲ್ಲಿಡುವ ಕಂಟ್ರೋಲರು ಏಳು ಸಾವಿರದ ಇನ್ನೂರು. ಮೋಟರಿನ ಅಯಸ್ಕಾಂತ, ಕಬ್ಬಿಣ, ತಾಮ್ರ ಎಲ್ಲ ಸೇರಿ ಎಂಟು ಸಾವಿರದ ಒಂಬೈನೂರು. ವೈರು, ಬೆಲ್ಟು, ಬ್ರಾಕೆಟ್ಟು, ನಟ್ಟು ಬೋಲ್ಟು ನಾಲ್ಕು ಸಾವಿರದ ಆರುನೂರಾ ನಲವತ್ತು. ಬೋಲ್ಟಿನ ವಾಷರನ್ನೂ ಬಿಡಲಿಲ್ಲ. ಉಳಿದದ್ದು ಒಂದೇ ಸಾಲು, ಮೋಟರಿಗೆ ತಂತಿ ಸುತ್ತುವ ಮಜೂರಿ. ಐದುನೂರು ಮೋಟರಿಗಾಗಿ ಲಕ್ಷಗಟ್ಟಲೆಯ ಮಷೀನು ತಂದರೆ ಗಿಟ್ಟದು, ಕೈಯಲ್ಲೇ ಸುತ್ತಬೇಕು. ಕೈ ಎಂದರೆ ನನಗೆ ನೆನಪಾಗುವುದು ಒಂದೇ ಕೈ.

ನಾನು ಒಯ್ದ ಮಾದರಿಯ ಮೋಟರನ್ನು ಚಾಚಾ ತಿರುಗಿಸಿ ತಿರುಗಿಸಿ ನೋಡಿದರು. ಅಭ್ಯಾಸಬಲದಿಂದ ಮೂಸಿಯೂ ನೋಡಿದರು. ಸುಟ್ಟ ವಾಸನೆ ಸಿಗದೆ ಇನ್ನೊಮ್ಮೆ ಮೂಸಿದರು.

"ತಾಮ್ರ ಎಷ್ಟ ಕೂಡ್ತದ ಬೇಟಾ ಇದ್ರಾಗ?" ಎಂದರು.

"ಒಂದೂಕಾಲ ಕಿಲೋರಿ ಚಾಚಾ. ತಾಮ್ರ ಕಂಪನೀದು. ನಿಮ್ಮ ಮಜೂರಿ ಅಷ್ಟ ಹೇಳ್ರಿ."

"ನಮ್ಮ ಪಂಪಿನ ಮೋಟರಿಗಿ ಏನದ, ಇದಕ್ಕೂ ಅಷ್ಟ. ನಾನೂರ."

ಬರೆದುಕೊಂಡೆ. ಮೊತ್ತ ಮೂವತ್ತೊಂಬತ್ತು ಸಾವಿರದ ಆರುನೂರಾ ನಲವತ್ತು ಬಂತು. ಮಿತಿಯೊಳಗೆ ಇತ್ತು. ಆ ದಿನ ಚೌಬಾರಾದ ಹತ್ತಿರ ನನ್ನನ್ನು ಕಂಡವರು ನನಗೆ ಮದುವೆ ಗೊತ್ತಾಗಿದೆ ಎಂದುಕೊಂಡಿರಬೇಕು, ಹಾಗಿತ್ತು ನನ್ನ ನಡಿಗೆ. ಮಚ್ಛೇಂದ್ರ ಸಾಹೇಬರು ಮೊದಲು ಇಪ್ಪತ್ತು ಮೋಟರು ಈ ದರಕ್ಕೇ ಮಾಡಿಸಿ, ಹಳೆಯ ಗಾಡಿಗಳಿಗೆ ಜೋಡಿಸಿ ಓಡಿಸಿ ನೋಡೋಣ ಎಂದರು. ಸರಿಹೋದರೆ ಐದುನೂರಕ್ಕೆ ಕಾಗದ, ದರ ಎರಡು ವರ್ಷ ಬದಲಾಗುವಂತಿಲ್ಲ.

ಆ ಇಪ್ಪತ್ತು ಮೋಟರು ಮಾಡಿದ ತಿಂಗಳು ಚಾಚಾ ಪಂಪಿನ ಕೆಲಸ ಹಿಡಿಯಲಿಲ್ಲ. ಮೊದಲ ಮೋಟರು ಗಾಡಿಗೆ ಕೂತ ದಿನ ಔರಾದಿಗೆ ಹೋಗಿ ಬರೋಣ ಎಂದು ನಾನೇ ಕರೆದೆ. ಗಾಡಿ ಓಡಿಸಿದವನು ಔರಾದಿನ ಕಾಶೀನಾಥ, ಹಿಂದೆ ಆರು ಚೀಲ ತೊಗರಿ. ಚಾಚಾ ಮುಂದೆ ಕೂರಲು ಒಪ್ಪದೆ ತೊಗರಿ ಚೀಲದ ಪಕ್ಕದಲ್ಲಿ ಕಾಲು ಮಡಚಿ ಕೂತು, ಮೋಟರು ಇರುವ ಕಡೆಯ ತಗಡಿನ ಮೇಲೆ ಅಂಗೈ ಇಟ್ಟಿದ್ದರು. ಏರಿನಲ್ಲಿ ಮೋಟರು ಗುಂಯ್ ಎಂದು ಹಿಡಿದಾಗ ಅವರ ಮುಖ ನೋಡಿದೆ. ಕೂಸಿನ ಎದೆಬಡಿತ ನೋಡುವ ಡಾಕ್ಟರ ಮುಖ ಹಾಗಿರುತ್ತದೆ. ಔರಾದಿನಲ್ಲಿ ಇಳಿದು ಚಹಾ ಕುಡಿದೆವು.

"ಸುಟ್ಟದ್ದ ಕಟ್ಟಿ ಕಟ್ಟಿ ಮೂವತ್ತ ವರ್ಷ ಆತು" ಎಂದರು ಚಾಚಾ. "ಕಟ್ಟಿದ್ದೆಲ್ಲಾ ಬಾವ್ಯಾಗ ಇಳದು ಕುಂತಾವ. ನಾ ಕಟ್ಟಿದ್ದು ಒಂದ ಊರಿಂದ ಇನ್ನೊಂದ ಊರಿಗಿ ಹೋದದ್ದು ಇದ ಮೊದಲ."

ಅಷ್ಟರಲ್ಲಿ ಕಾಶೀನಾಥ, ಪೆಟ್ರೋಲು ಎಷ್ಟು ಉಳಿಯಿತು ನೋಡ್ರಿ ಮೇಡಂ ಎಂದು ಟ್ಯಾಂಕಿನ ಮುಚ್ಚಳ ತೆರೆದು ನಿಂತ. ನಾನು ಮತ್ತೆ ಲೆಕ್ಕಕ್ಕೆ ಬಿದ್ದೆ.

ಇಪ್ಪತ್ತೂ ಮೋಟರು ಚೆನ್ನಾಗಿ ಓಡಿದವು. ಸೋಮವಾರ ಐದುನೂರಕ್ಕೆ ಸಹಿ ಎಂದು ಪುಣೆಯಿಂದ ಸುದ್ದಿ ಬಂತು. ಅದನ್ನು ಹೇಳಲು ಗುರುವಾರ ಸಂಜೆ ಅಂಗಡಿಗೆ ಹೋದೆ. ಕರೀಮ ಸಾಬರು ಬಾಗಿಲಲ್ಲಿ ತಕ್ಕಡಿ ಹಿಡಿದು ನಿಂತಿದ್ದರು.

"ಈ ಸಲಾನೂ ಇಲ್ಲೇನ ಗೌಸ್ ಭಾಯಿ?" ಎಂದು ಅವರು ಕೇಳಿದರು.

"ಇಲ್ಲ ಭಾಯಿ. ಮುಂದಿನ ವಾರ ನೋಡಮು."

"ನಾಲ್ಕ ವಾರ ಆತು ನೀವ ಹಿಂಗ ಅನ್ಲಾಕತ್ತು" ಎಂದು ಕರೀಮ ಸಾಬರು ತಕ್ಕಡಿಯನ್ನು ಹೆಗಲಿಗೆ ಹಾಕಿಕೊಂಡು ಹೋದರು.

ಮೂಲೆಗೆ ನೋಡಿದೆ. ಗೋಣಿಚೀಲ ಖಾಲಿಯಾಗಿ, ಮಡಚಿ, ಗೋಡೆಗೆ ಒರಗಿತ್ತು. ಮೊದಲು ಅದು ಏನೂ ಅನ್ನಿಸಲಿಲ್ಲ. ಆಮೇಲೆ ಹೋಗಿ ಅದನ್ನು ಕೈಯಲ್ಲೆತ್ತಿ ನೋಡಿದೆ. ಹೊಸ ಮೋಟರಿನಲ್ಲಿ ಕಿತ್ತು ತೆಗೆಯಲು ಸುಟ್ಟ ತಾಮ್ರ ಎಲ್ಲಿಂದ ಬರಬೇಕು? ಚಾಚಾ ನನಗೆ ಹೇಳಿದ್ದು ಪಂಪಿನ ಮೋಟರಿನ ಮಜೂರಿ. ಆ ನಾನೂರರ ಹಿಂದೆ, ಬಾಯಲ್ಲಿ ಯಾರೂ ಹೇಳದ ಇನ್ನೊಂದು ಮಜೂರಿ ಚೀಲದಲ್ಲಿ ಬೀಳುತ್ತಿತ್ತು, ಒಂದು ಮೋಟರಿಗೆ ಹತ್ತಿರ ಹತ್ತಿರ ಎಂಟುನೂರು ರೂಪಾಯಿಯ ತಾಮ್ರ. ಅಪ್ಪ ಅದನ್ನು ಬಿಟ್ಟು ಬರುವುದನ್ನು ಹತ್ತಾರು ಸಲ ಕಣ್ಣಾರೆ ಕಂಡವಳು ನಾನು. ವಾಷರು ಎಣಿಸಿದೆ, ಅದನ್ನು ಬಿಟ್ಟೆ. ನನ್ನ ಮೇಲೆ ನನಗೆ ಬಂದ ಸಿಟ್ಟು ಇಲ್ಲಿ ಬರೆಯುವಂಥದ್ದಲ್ಲ.

ಅಂಗಡಿಯ ಹಿಂದೆಯೇ ಅವರ ಮನೆ. ಒಳಗೆ ಚಾಚಿ ಮರಿಯಮಬೀ ಮೋಟರಿನ ಸೀಳುಗಳಿಗೆ ಹಾಕುವ ಕಾಗದ ಕತ್ತರಿಸುತ್ತ ಕೂತಿದ್ದರು. ತಂತಿಯ ಸುರುಳಿ ಮಾಡುವುದೂ ಕಾಗದ ತುಂಬುವುದೂ ಮೊದಲಿನಿಂದ ಅವರದೇ ಕೆಲಸ. ಅವರ ಚಷ್ಮಾದ ಒಂದು ಕಾಲು ಮುರಿದಿತ್ತು, ಅಲ್ಲಿ ತಾಮ್ರದ ತಂತಿ ಸುತ್ತಿದ್ದರು.

"ಚಾಚಿ, ಒಂದ ಮೋಟರಿಗಿ ನಿಮಗ ಎಷ್ಟ ತಾಸ ಹಿಡೀತದ್ರಿ?" ಎಂದು ಕೇಳಿದೆ.

"ನಂದೇನ ತಾಸ ಬೇಟಾ. ಅಡಗಿ ಮಾಡ್ಕೋತ ಮಾಡ್ತೇನಿ."

ಬಿಡದೆ ಕೇಳಿದೆ. ಲೆಕ್ಕ ಹಾಕಿದಾಗ ಅವರದು ಮೂರು ತಾಸು, ಚಾಚಾನದು ಐದು. ಎಂಟು ತಾಸಿಗೆ, ಇಬ್ಬರಿಗೆ ಸೇರಿ, ನಾನೂರು. ಚೌಬಾರಾದಲ್ಲಿ ಇಟ್ಟಿಗೆ ಹೊರುವವರಿಗೂ ಅದಕ್ಕಿಂತ ಹೆಚ್ಚು ಸಿಗುತ್ತದೆ. ಹೊಸ ಚಷ್ಮಾ ಮಾಡಿಸುವುದು ಮೂರು ಗುರುವಾರದಿಂದ ಮುಂದಕ್ಕೆ ಹೋಗಿದೆ ಎಂದು ಚಾಚಿ ತಪ್ಪಿ ಬಾಯಿಬಿಟ್ಟರು. ಬಿಟ್ಟ ಮೇಲೆ ಗಂಡನ ಕಡೆ ನೋಡಿದರು.

"ನಿಮಗ ಗೊತ್ತಿತ್ತು" ಎಂದೆ ನಾನು ಚಾಚಾಗೆ.

"ಮೊದಲ ಗೊತ್ತಿರ್ಲಿಲ್ಲ. ಎರಡನೇ ಗುರುವಾರ ಕರೀಮ ಖಾಲಿ ಕೈಲೆ ಹೋದ ನೋಡು, ಅವಾಗ ಹೊಳೀತು."

"ಮತ್ತ ಯಾಕ ಹೇಳ್ಲಿಲ್ರಿ?"

"ದರ ಹೇಳಿದವ ನಾನು. ನೀ ನನ್ನ ಕೈ ಹಿಡದು ಹೇಳಸಿಲ್ಲ. ಜಬಾನ ಕೊಟ್ಟ ಮ್ಯಾಲ ಆತು." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಚಾಚಾನ ಬದುಕೇ ಅದರ ಮೇಲೆ ನಿಂತಿದೆ. ಹೇಳಿದ ದಿನಕ್ಕೆ ಮೋಟರು ಕೊಡಲಿಕ್ಕೆಂದು ಈದ್ ಹಬ್ಬದ ಮುನ್ನಾದಿನವೂ ಅಂಗಡಿ ತೆರೆದ ಮನುಷ್ಯ.

ಅಲ್ಲೇ ನೆಲದ ಮೇಲೆ ಕೂತು ಪಟ್ಟಿ ತೆಗೆದೆ. ನಾನೂರನ್ನು ಹೊಡೆದು ಹಾಕಿ ಸಾವಿರದ ಇನ್ನೂರು ಬರೆದೆ. ಮೊತ್ತ ನಲವತ್ತು ಸಾವಿರದ ನಾನೂರಾ ನಲವತ್ತಕ್ಕೆ ಹೋಯಿತು. ಮಿತಿ ಮೀರಿತು.

"ನೋಡ್ದಿ?" ಎಂದರು ಚಾಚಾ. "ಇದನ್ನ ಕಳಸಿದ್ರ ಗಾಡೀನೂ ಇಲ್ಲ, ಮೋಟರೂ ಇಲ್ಲ. ನಾನೂರೇ ಇರ್ಲಿ ಬಿಡು. ಹ್ಯಾಂಗಾರ ನಡೀತದ."

"ಎರಡ ವರ್ಷ ಹ್ಯಾಂಗ ನಡೀತದ್ರಿ?" ಎಂದು ನಾನು ದನಿ ಏರಿಸಿದೆ. ಹಿರಿಯರ ಮುಂದೆ ಹಾಗೆ ಮಾತಾಡಬಾರದು. ಆದರೆ ತಪ್ಪು ನನ್ನದಾಗಿದ್ದಾಗ ನನ್ನ ದನಿ ಯಾವಾಗಲೂ ಏರುತ್ತದೆ, ಇದನ್ನು ನನ್ನ ವಿದ್ಯಾರ್ಥಿಗಳೂ ಬಲ್ಲರು.

ಚಾಚಿ ಚಹಾ ತಂದಿಟ್ಟರು. ಯಾರೂ ಮುಟ್ಟಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಚಾಚಾ, "ಆ ಪಟ್ಟಿ ಮೊದಲಿಂದ ಓದು ನೋಡಮು" ಎಂದರು. ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಬೆರಳುಗಳು ಗಾಡಿಯ ಮೈಮೇಲೆ ಓಡಾಡಿದ ಹಾಗೆ ಗಾಳಿಯಲ್ಲಿ ಆಡುತ್ತಿದ್ದವು. ಮುಗಿದ ಮೇಲೆ ಕಣ್ಣು ತೆರೆದರು.

"ಸೆಲ್ಫ್ ಮೋಟರ್ ಎಲ್ಲದ ಇದ್ರಾಗ?"

"ಎಂಜಿನ್ ಚಾಲೂ ಮಾಡೂ ಸೆಲ್ಫ್ ಏನ್ರಿ? ಅದು ಗಾಡೀದು, ಮೊದಲಿಂದ ಇದ್ದದ್ದೇ. ನಾ ಹೊಸದಾಗಿ ಕೂಡಿಸಿದ್ದಷ್ಟ ಹಿಡದೀನಿ."

"ಕೂಡಿಸಿದ್ದು ಹಿಡದಿ. ಕಳೀಬೇಕಾದ್ದು?" ಎಂದರು. "ನಮ್ಮ ಮೋಟರು ಎಂಜಿನ್ ತಿರಗಸ್ತದ. ಮತ್ತ ಸೆಲ್ಫ್ ಯಾಕ ಬೇಕು? ನಮ್ಮ ಮೋಟರು ಕರೆಂಟ ಹುಟ್ಟಸ್ತದ. ಮತ್ತ ಡೈನಮೋ ಯಾಕ ಬೇಕು? ನಾವ ಹಳೀ ಗಾಡಿಗಿ ಜೋಡಸಿದ್ವಿ, ಅವು ಅಲ್ಲೇ ಉಳದ್ವು. ಕಂಪನಿ ಹೊಸಾ ಗಾಡಿ ಮಾಡಬೇಕಾದ್ರ ಅವನ್ನ ಹಾಕೂದ ಬ್ಯಾಡ."

ನಾನು ಪಟ್ಟಿಯನ್ನು ಮತ್ತೆ ಮೇಲಿನಿಂದ ನೋಡಿದೆ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸುವವರ ಮಾತು ಕೇಳಿದ್ದೆ, ಆ ದಿನ ಅವರ ಸಾಲಿಗೆ ನಾನೂ ಸೇರಿದೆ. ಚಾಚಾ ಬಿಟ್ಟದ್ದು ಎಂಟುನೂರರ ತಾಮ್ರ. ಇಂಜಿನಿಯರಿಂಗ್ ಪಾಠ ಹೇಳುವ ನಾನು ಬಿಟ್ಟದ್ದು ಒಂದು ಸೆಲ್ಫ್, ಒಂದು ಡೈನಮೋ, ಎರಡೂ ಸೇರಿ ಮೂರು ಸಾವಿರದ ನೂರು ರೂಪಾಯಿ. ಹೊಸ ಗಾಡಿಯಲ್ಲಿ ಏನು ಬರುತ್ತದೆ ಎಂದು ಇಬ್ಬರೂ ನೋಡಿದ್ದೆವು, ಏನು ಇರುವುದಿಲ್ಲ ಎಂದು ಇಬ್ಬರೂ ನೋಡಿರಲಿಲ್ಲ. ಕಳೆದು ನೋಡಿದಾಗ ಮೊತ್ತ ಮೂವತ್ತೇಳು ಸಾವಿರದ ಮುನ್ನೂರಾ ನಲವತ್ತಕ್ಕೆ ಇಳಿಯಿತು. ತಣ್ಣಗಾದ ಚಹಾ ಎತ್ತಿ ಒಂದೇ ಗುಟುಕಿಗೆ ಕುಡಿದೆ.

ಪಟ್ಟಿ ತಿದ್ದಿ ಅವತ್ತೇ ಕಳಿಸಿದೆ. ಮರುದಿನ ಬೆಳಿಗ್ಗೆ ನಾನು ಅಂಗಡಿಯಲ್ಲಿದ್ದಾಗಲೇ ಪುಣೆಯಿಂದ ಫೋನ್ ಬಂತು. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದೆ. ಸೆಲ್ಫು, ಡೈನಮೋ ಕಳೆದದ್ದಕ್ಕೆ ಮಚ್ಛೇಂದ್ರ ಸಾಹೇಬರು ಬಹಳ ಖುಷಿಯಾಗಿದ್ದರು. ಅವರ ಖುಷಿ ಇನ್ನೊಂದು ಸಾಲಿನವರೆಗೆ ಬರಲಿಲ್ಲ.

"ಮೇಡಂ, ಮಜೂರಿ ನಾನೂರ ಇತ್ತಲ್ರಿ. ಅದು ಸಾವಿರದ ಎರಡನೂರ ಹ್ಯಾಂಗ ಆತು? ಅವರೇ ಹೇಳಿದ ದರ, ಅವರೇ ಇಪ್ಪತ್ತ ಮೋಟರ್ ಮಾಡಿ ಕೊಟ್ಟಾರ. ಅದನ್ನ ಹಾಂಗೇ ಇಡಮು."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಉಳಿತಾಯದ ದಾರಿ ತೋರಿಸಿದವರಿಗೆ ಉಳಿತಾಯದ ಪಾಲಿಲ್ಲ, ವ್ಯವಹಾರವೆಂದರೆ ಹಾಗೇ. ನಾನು ರಿವಾಜಿನ ವಿಷಯ ಹೇಳಲು ಶುರುಮಾಡಿದೆ, ನನಗೇ ಅದು ಬೇಡಿಕೆಯ ಹಾಗೆ ಕೇಳಿಸಿತು. ಆಗ ಚಾಚಾ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡರು. ಇಷ್ಟು ವರ್ಷದಲ್ಲಿ ಅವರು ತಮ್ಮ ದರಕ್ಕಾಗಿ ಯಾರೊಂದಿಗೂ ವಾದ ಮಾಡಿದ್ದನ್ನು ನಾನು ನೋಡಿರಲಿಲ್ಲ. ಚಾಚಿಯೂ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು.

"ಸಲಾಮ್ ಸಾಹೇಬ್ರ. ನಾ ಗೌಸೋದ್ದೀನ. ನಾನೂರ ಅಂತ ಹೇಳಿದ್ದು ಖರೇ ಅದ, ತಪ್ಪ ನಂದದ. ಆ ಇಪ್ಪತ್ತ ಮೋಟರಿಂದು ನಾ ಏನೂ ಕೇಳೂದಿಲ್ಲ, ಆ ಮಾತ ಮುಗೀತು. ಐದನೂರಿಂದು ಹೊಸಾ ಮಾತು. ನಾ ನಿಮಗ ಹೇಳಿದ್ದು ಸುಟ್ಟ ಮೋಟರಿನ ದರ. ನಿಮ್ಮ ಸುಟ್ಟ ಮೋಟರ ಕಳಸ್ರಿ, ಈಗೂ ನಾನೂರಕ್ಕ ಕಟ್ಟಿ ಕೊಡ್ತೇನಿ, ಹಳೀ ತಾಮ್ರ ನಂದು. ಹೊಸಾ ಮೋಟರ ಬೇಕಂದ್ರ ಸಾವಿರದ ಎರಡನೂರ. ನನ್ನ ಕೈ ಅದ ಇದ್ರಾಗ, ನನ್ನ ಮನ್ಯಾಕೀ ಕೈ ಅದ."

ನಾನು ಫೋನಿನ ಕಡೆ ಬಗ್ಗಿದೆ.

"ನಮ್ಮಪ್ಪನೂ ಬಿಟ್ಟ ಬರ್ತಿದ್ರಿ" ಎಂದರು ಮಚ್ಛೇಂದ್ರ ಸಾಹೇಬರು. "ಕಮಲನಗರದಾಗ. ಹಳೇ ತಾಮ್ರ." ಆಮೇಲೆ ಖರೀದಿಯವರ ದನಿಗೆ ಮರಳಿದರು. "ಸಾವಿರದ ನೂರಕ್ಕ ಮಾಡಮು ಮಿಸ್ತ್ರಿ. ನಾನೂ ಮಾಲಕರಿಗಿ ಮುಖ ತೋರಸಬೇಕಲ್ರಿ."

ಚಾಚಾ ಚಾಚಿಯ ಕಡೆ ನೋಡಿದರು. ಚಾಚಿ ತಲೆಯಾಡಿಸಿದ ಮೇಲೆಯೇ ಹೌದೆಂದರು. ಮೊತ್ತ ಮೂವತ್ತೇಳು ಸಾವಿರದ ಇನ್ನೂರಾ ನಲವತ್ತಕ್ಕೆ ನಿಂತಿತು. ಪಟ್ಟಿಯಲ್ಲಿ ಮಜೂರಿಯ ಒಂದು ಸಾಲನ್ನು ನಾನು ಎರಡು ಮಾಡಿದೆ. ಒಂದರ ಮುಂದೆ ಗೌಸೋದ್ದೀನ ಎಂದು, ಇನ್ನೊಂದರ ಮುಂದೆ ಮರಿಯಮಬೀ ಎಂದು ಬರೆದೆ. ಚಾಚಿ ಆ ಹಾಳೆಯನ್ನು ಮುರಿದ ಚಷ್ಮಾ ಏರಿಸಿಕೊಂಡು ಎರಡು ಸಲ ನೋಡಿದರು, ಆಮೇಲೆ ಒಳಗೆ ಹೋದರು.

ನಾನು ಎದ್ದು ಚಪ್ಪಲಿ ಮೆಟ್ಟುವಾಗ ಚಾಚಾ ಕರೆದರು.

"ಒಂದ ಮಾತ ಕೇಳ್ತೇನಿ ಬೇಟಾ. ಇಷ್ಟ ವರ್ಷ ನಾ ಏನ ತಿಳಕೊಂಡಿದ್ನಿ ಅಂದ್ರ, ನನ್ನ ಕೈ ಕಿಮ್ಮತ್ತು ನಾನೂರು. ಉಳದದ್ದು ಮಂದಿ ದೊಡ್ಡ ಮನಸ್ಸ ಮಾಡಿ ಬಿಟ್ಟ ಹೋದದ್ದು. ನಿಮ್ಮಪ್ಪ ಹಳೀದು ಇರ್ಲಿ ಅಂದಾಗೊಮ್ಮ ನಾ ದುವಾ ಮಾಡ್ತಿದ್ನಿ. ಈಗ ನಿನ್ನ ಹಿಸಾಬ ನೋಡಿದ್ರ ಅದೂ ನನ್ನ ಮಜೂರೀನೇ ಇತ್ತಲ್ಲ."

"ಹೌದ್ರಿ ಚಾಚಾ. ನಿಮ್ಮ ಮಜೂರೀನೇ."

ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬಸ್ಸಿನಲ್ಲಿ ಮೋಟರಿನ ಪಕ್ಕ ಕೂತು ಬರುತ್ತಿದ್ದ ಅವರನ್ನು ಆ ಕ್ಷಣ ನೋಡಬೇಕೆನ್ನಿಸಿತು. ಚಾಚಾ ಖಾಲಿ ಚೀಲದ ಕಡೆ ನೋಡುತ್ತ ನಕ್ಕರು.

"ಹಂಗಂದ್ರ ನನ್ನ ಪಗಾರಕ್ಕ ನಾನೇ ಮಂದಿಗಿ ದುವಾ ಮಾಡ್ಕೋತ ಬಂದೀನಿ, ಮೂವತ್ತ ವರ್ಷ."

ನನ್ನ ಪಟ್ಟಿಯಲ್ಲಿ ಅದಕ್ಕೆ ಸಾಲಿರಲಿಲ್ಲ.

"ಇರ್ಲಿ ಬಿಡು" ಎಂದರು ಅವರು, ಹೊಸ ತಂತಿಯ ತುದಿ ಹುಡುಕುತ್ತ. "ನಿಮ್ಮಪ್ಪಗ ಮಾಡಿದ್ದು ಅವಂಗೇ ಇರ್ಲಿ. ಅದನ್ನ ವಾಪಸ ತಗೋಳೂದಿಲ್ಲ."